ಬಾಹ್ಯಾಕಾಶದಲ್ಲಿ ಹೆಸರುಕಾಳು: ಮೊಳಕೆ ಬಂತು, ಮುಂದೆ?

2025ರ ಜೂನ್ 25ರಂದು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಆಕ್ಸಿಯಂ-4 ಎಂಬ ಖಾಸಗಿ ಯಾನದ ತಂಡದ ಜೊತೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರಲ್ಲ, ಅಲ್ಲಿ ಅವರು ಮಾಡಿದ ಪ್ರಯೋಗಗಳಲ್ಲಿ ಒಂದು ನಮ್ಮೂರಿನದು. ಹೆಸರು ಮತ್ತು ಮೆಂತೆ ಕಾಳಿಗೆ ಮೊಳಕೆ ಬರಿಸುವುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ರೂಪಿಸಿದ್ದು. ಆ ತಂಡದಲ್ಲಿ ನಾನಿರಲಿಲ್ಲ. ಆದರೆ ಬಿತ್ತನೆ ಬೀಜದ ಮೊಳಕೆ ಎಣಿಸುವುದೇ ನನ್ನ ಕಸುಬು, ಹಾಗಾಗಿ ಸುಮ್ನೆ ಕೂರಲಾಗಲಿಲ್ಲ.

ಕಾಳಿಗೆ ಮೊಳಕೆ ಬರುತ್ತದೋ ಇಲ್ಲವೋ ಎಂಬುದು ಅಲ್ಲಿ ದೊಡ್ಡ ಪ್ರಶ್ನೆಯೇ ಅಲ್ಲ. ನೀರು, ಗಾಳಿ, ಹದವಾದ ಬಿಸಿ ಸಿಕ್ಕರೆ ಬರುತ್ತದೆ. ತೊಡಕಿರುವುದು ಆ ನೀರು, ಗಾಳಿಯಲ್ಲೇ.

ನಿಲ್ದಾಣವಿರುವ 400 ಕಿ.ಮೀ. ಎತ್ತರದಲ್ಲಿ ಭೂಮಿಯ ಸೆಳೆತ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಸುಮಾರು ಶೇ 90ರಷ್ಟು ಇದ್ದೇ ಇದೆ. ನಿಲ್ದಾಣ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಭೂಮಿಯ ಸುತ್ತ ಬೀಳುತ್ತಲೇ ಇರುತ್ತದೆ. ಒಳಗಿರುವುದೆಲ್ಲ ಜೊತೆಗೇ ಬೀಳುವುದರಿಂದ ಯಾವುದಕ್ಕೂ ಭಾರ ಗೊತ್ತಾಗುವುದಿಲ್ಲ, ಅಷ್ಟೇ.

ಇಲ್ಲಿ ಜಾಸ್ತಿಯಾದ ನೀರು ಬಸಿದು ಹೋಗುತ್ತದೆ. ಅಲ್ಲಿ ಕಾಳಿಗೇ ಅಂಟಿಕೊಂಡು ಕೂರುತ್ತದೆ. ಇಲ್ಲಿ ಬಿಸಿ ಗಾಳಿ ಮೇಲೆದ್ದು ತಂಪು ಗಾಳಿ ಒಳಗೆ ಬರುತ್ತದೆ. ಅಲ್ಲಿ ಫ್ಯಾನ್ ಓಡದಿದ್ದರೆ ಅದೇ ಗಾಳಿ ಕಾಳಿನ ಸುತ್ತ ನಿಂತುಬಿಡುತ್ತದೆ, ಆಮ್ಲಜನಕ ಸಾಲದೆ ಉಸಿರು ಕಟ್ಟಬಹುದು. ಬೇರಿನದು ಇನ್ನೊಂದು ಕಥೆ. ಅದರ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಕಣಗಳಿವೆ. ನೆಲದ ಮೇಲೆ ಅವು ಕೋಶದ ತಳಕ್ಕೆ ಇಳಿಯುತ್ತವೆ, ಕೆಳಗೆ ಯಾವ ಕಡೆ ಎಂದು ಬೇರಿಗೆ ಗೊತ್ತಾಗುವುದು ಅದರಿಂದಲೇ. ಅಲ್ಲಿ ಇಳಿಯುವುದಿಲ್ಲ.

ಇಷ್ಟೆಲ್ಲ ಕಂಡ ಮೊಳಕೆಯ ಪೋಷಕಾಂಶ ಹಾಗೇ ಇರುತ್ತದೆಯೇ? ಅದರ ಮೇಲಿನ ಸೂಕ್ಷ್ಮಾಣುಗಳು ಬದಲಾಗುತ್ತವೆಯೇ? ತಿಳಿಯಬೇಕಿರುವುದು ಇದು. ಅದಕ್ಕೇ ಶುಕ್ಲಾ ಮೊಳಕೆಗಳನ್ನು ಫ್ರೀಜರ್‌ನಲ್ಲಿಟ್ಟರು. ಇಲ್ಲದಿದ್ದರೆ ಅವು ಬೆಳೆಯುತ್ತಲೇ ಹೋಗಿ ಲೆಕ್ಕ ಕೆಡುತ್ತಿತ್ತು. ನಿಲ್ದಾಣದಲ್ಲೇ ಬೆಳೆದ ಲೆಟ್ಯೂಸ್ ಸೊಪ್ಪನ್ನು 2015ರಲ್ಲೇ ತಿಂದಿದ್ದಾರೆ, ಆದರೆ ಅದಕ್ಕೆ ವಾರಗಟ್ಟಲೆ ದೀಪ ಉರಿಸಬೇಕು. ಹೆಸರು ಕತ್ತಲಲ್ಲೂ ಎರಡು ಮೂರು ದಿನಕ್ಕೆ ತಿನ್ನಲು ಸಿದ್ಧ. ಒಲೆಯೂ ಬೇಡ!

ನನಗೆ ಮುಖ್ಯ ಅನ್ನಿಸಿದ್ದು ಮಾತ್ರ ನೆಲದ ಮೇಲಿನ ತಟ್ಟೆ, ಅಂದರೆ ಹೋಲಿಸಿ ನೋಡಲು ಭೂಮಿಯಲ್ಲೇ ಮೊಳಕೆ ಬರಿಸುವ ಕಾಳು. ನಮ್ಮ ಲ್ಯಾಬಿನಲ್ಲಿ ಒಂದು ಪರೀಕ್ಷೆಗೆ 400 ಕಾಳು ಇಡುತ್ತೇವೆ, ಒದ್ದೆ ಕಾಗದದಲ್ಲಿ ನೂರರಂತೆ. ಹೆಸರಿಗೆ ಏಳನೇ ದಿನ ಕೊನೆಯ ಎಣಿಕೆ. ಇಷ್ಟು ಯಾಕೆಂದರೆ, ಕೆಲವೇ ಕಾಳಿನ ಲೆಕ್ಕ ನಂಬಲಾಗದು. ಹೆಸರಿನಲ್ಲಿ ನೀರೇ ಹೀರದ ಗಟ್ಟಿ ಕಾಳುಗಳೂ ಇರಬಹುದು. ಮೇಲೆ ನಾಲ್ಕು ಕಾಳು ಮೊಳೆಯಲಿಲ್ಲ ಎಂದರೆ ತಪ್ಪು ಬಾಹ್ಯಾಕಾಶದ್ದೋ, ಕಾಳಿನದೋ? ಅದೇ ರಾಶಿಯ ಕಾಳು, ಅದೇ ತಟ್ಟೆ, ಅಷ್ಟೇ ನೀರು, ಅಷ್ಟೇ ಬಿಸಿಯಲ್ಲಿ ಕೆಳಗೂ ಮೊಳಕೆ ಬರಿಸಿ ಹೋಲಿಸದೆ ಹೇಳಲಾಗದು. ಪತ್ರಿಕೆಗಳಲ್ಲಿ ಬರುವುದು ಮೇಲಿನ ತಟ್ಟೆಯ ಫೋಟೊ. ನಾನಾದರೆ ಕೆಳಗಿನದನ್ನೇ ಮೊದಲು ಕೇಳುತ್ತೇನೆ.

"ಇದರಿಂದ ನಮಗ ಹೊಸಾ ತಳಿ ಏನರ ಬರತೈತೇನ್ರಿ ಸರ?" ಎಂದು ಗದಗ ಕಡೆಯ ರೈತರೊಬ್ಬರು ಕೇಳಿದರು. ಸದ್ಯಕ್ಕೆ ಅದನ್ನು ನಂಬಿ ಕೂರಬೇಡಿ, ಇದು ಗಗನಯಾತ್ರಿಗಳ ಊಟದ ಲೆಕ್ಕ. ನಿಮ್ಮ ಹೊಲದ ಲೆಕ್ಕ ಬೇರೆ: ಪ್ರಮಾಣಿತ ಹೆಸರು ಬೀಜಕ್ಕೆ ಕನಿಷ್ಠ ಶೇ 75 ಮೊಳಕೆ ಇರಬೇಕು. ಮನೆಯಲ್ಲೇ ಇಟ್ಟುಕೊಂಡ ಬೀಜವಾದರೆ ಮುಂಗಾರಿಗೆ ಮೊದಲು 100 ಕಾಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು ಎಣಿಸಿ ನೋಡಿ.