ಫಿಸಿಕ್ಸ್ ಓದಿದವರು ಬೆಳಿಗ್ಗೆ ಏನು ಕೆಲಸ ಮಾಡ್ತಾರೆ?

ನಾನು ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೆಡಿಕಲ್ ಫಿಸಿಸಿಸ್ಟ್. ಬಿಡುವಾದಾಗ ಹೈಸ್ಕೂಲುಗಳಿಗೆ ಹೋಗಿ ಹತ್ತನೇ ತರಗತಿ ಮಕ್ಕಳ ಜೊತೆ ಮಾತಾಡುತ್ತೇನೆ. "ಫಿಸಿಕ್ಸ್ ಓದಿದರೆ ಏನಾಗಬಹುದು?" ಎಂದು ಕೇಳಿದರೆ ಬರುವುದು ಎರಡೇ ಉತ್ತರ: ಮೇಷ್ಟ್ರು, ಇಲ್ಲಾಂದ್ರೆ ಇಸ್ರೋ ವಿಜ್ಞಾನಿ. ಎರಡೂ ಒಳ್ಳೆಯ ಕೆಲಸವೇ. ಉಳಿದವನ್ನು ಮಕ್ಕಳು ನೋಡಿಯೇ ಇಲ್ಲ, ಅಷ್ಟೇ.

ಮೊದಲು ಕೋರ್ಸುಗಳ ಪಟ್ಟಿ ಓದಿ ಹೇಳುತ್ತಿದ್ದೆ. ಅದು ಯಾರ ಮನಸ್ಸಿನಲ್ಲೂ ನಿಲ್ಲಲಿಲ್ಲ. ಈಗ ನನ್ನ ಬೆಳಗಿನ ಕೆಲಸವನ್ನೇ ಹೇಳುತ್ತೇನೆ.

ರೋಗಿಗಳು ಬರುವ ಮುಂಚೆ ನಾವು ರೇಡಿಯೋಥೆರಪಿ, ಅಂದರೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರದ ಕಿರಣವನ್ನು ಅಳೆಯುತ್ತೇವೆ. ಅಳೆಯುವ ಉಪಕರಣವಾದ ಅಯಾನ್ ಚೇಂಬರಿನೊಳಗೆ ಇರುವುದು ಚೂರೇ ಚೂರು ಗಾಳಿ. ಕಿರಣ ಆ ಗಾಳಿಯಲ್ಲಿ ಹುಟ್ಟಿಸುವ ವಿದ್ಯುತ್ತೇ ನಮ್ಮ ರೀಡಿಂಗ್. ಕೋಣೆ ಬಿಸಿಯಾದರೆ ಆ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ, ರೀಡಿಂಗ್ ಕಡಿಮೆ ಬರುತ್ತದೆ. ಅದಕ್ಕೇ ಥರ್ಮಾಮೀಟರ್, ಬ್ಯಾರೋಮೀಟರ್ ನೋಡಿ ಲೆಕ್ಕ ಸರಿಮಾಡಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗಿಂತ ಇಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ ಶೇ 10ರಷ್ಟು ಕಡಿಮೆ. ಇದನ್ನು ಮರೆತರೆ ಅಳತೆಯೂ ಅಷ್ಟೇ ತಪ್ಪುತ್ತದೆ. ದಿನದ ಅಳತೆ ಶೇ 3ಕ್ಕಿಂತ ಜಾಸ್ತಿ ಆಚೀಚೆ ಆದರೆ, ಕಾರಣ ಸಿಗುವ ತನಕ ಚಿಕಿತ್ಸೆ ಶುರು ಮಾಡುವುದಿಲ್ಲ. ಹೊರಗೆ ಒಬ್ಬ ಅಜ್ಜಿ ಕಾಯುತ್ತಿದ್ದಾರೆ, ಅವರ ಗಂಟಲಿಗೆ ಸರಿಯಾದ ಡೋಸ್ ಬೀಳಬೇಕು ಅಂದರೆ ನಿಮ್ಮ ಪುಸ್ತಕದ ಗಾಳಿಯ ಪಾಠವೇ ಬೇಕು ಎಂದಾಗ ಮಕ್ಕಳು ನೆಟ್ಟಗೆ ಕೂರುತ್ತಾರೆ.

ಆಮೇಲೆ ಅವರ ಕೈಗೇ ಕೆಲಸ ಕೊಡುತ್ತೇನೆ. ರಟ್ಟಿನಲ್ಲಿ ಒಂದು ಸೆಂಟಿಮೀಟರ್ ಚೌಕದ ಕಿಂಡಿ. ಮೊಬೈಲ್ ಟಾರ್ಚಿನಿಂದ 10 ಸೆಂಟಿಮೀಟರ್ ದೂರದಲ್ಲಿ ಅದನ್ನು ನಿಲ್ಲಿಸಿ, ಗ್ರಾಫ್ ಹಾಳೆಯನ್ನು ಟಾರ್ಚಿನಿಂದಲೇ 20 ಸೆಂಟಿಮೀಟರ್ ದೂರ ಹಿಡಿದರೆ ಬೆಳಕು ಕಿಂಡಿಯಷ್ಟೇ ದೊಡ್ಡ ಸುಮಾರು 4 ಚೌಕಕ್ಕೆ ಹರಡುತ್ತದೆ. 30ಕ್ಕೆ ಹೋದರೆ 9. ನನ್ನ ಯಂತ್ರದ ಕಿರಣವೂ ಹೀಗೇ ದೂರಕ್ಕೆ ತಕ್ಕಂತೆ ತೆಳುವಾಗುತ್ತದೆ.

ದಾರಿ ಉದ್ದ, ಅದನ್ನು ಮುಚ್ಚಿಡಬಾರದು. ಫಿಸಿಕ್ಸ್ ಇರುವ ಬಿಎಸ್ಸಿ, ಆಮೇಲೆ ಮೆಡಿಕಲ್ ಫಿಸಿಕ್ಸ್ ಎಂಎಸ್ಸಿ. ಇಲ್ಲವೇ ಫಿಸಿಕ್ಸ್ ಎಂಎಸ್ಸಿ ಮಾಡಿ ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಒಂದು ವರ್ಷದ ಡಿಪ್ಲೊಮಾ. ಜೊತೆಗೆ ಆಸ್ಪತ್ರೆಯಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್. ನೀಟ್ ಬೇಕಿಲ್ಲ. ಆದರೆ ಪಿಯುಸಿಯಲ್ಲಿ ಗಣಿತ ಬಿಡಬೇಡಿ ಎಂದು ಮಾತ್ರ ಒತ್ತಿ ಹೇಳುತ್ತೇನೆ. ದೇಹದ ರಚನೆಯನ್ನು ಮುಂದೆ ಕೋರ್ಸಿನಲ್ಲೇ ಕಲಿಸುತ್ತಾರೆ. ಗಣಿತ ಬಿಟ್ಟವರಿಗೆ ಫಿಸಿಕ್ಸಿಗೆ ವಾಪಸ್ ಬರುವುದು ತುಂಬಾ ಕಷ್ಟ.

ನನ್ನದು ಒಂದು ಕೆಲಸ, ಅಷ್ಟೇ. ಹವಾಮಾನ ಇಲಾಖೆ, ಕೈಗಾದ ವಿಕಿರಣ ಸುರಕ್ಷತೆ, ನೆಲದಡಿಯ ನೀರು ಮತ್ತು ಎಣ್ಣೆ ಹುಡುಕುವ ಜಿಯೋಫಿಸಿಕ್ಸ್ ಎಲ್ಲ ಕಡೆಯೂ ಫಿಸಿಕ್ಸ್ ಓದಿದವರಿದ್ದಾರೆ. ಶಿಕ್ಷಕರೇ, ನಿಮ್ಮ ಊರಿನ ಹತ್ತಿರ ಅಂಥ ಒಬ್ಬರನ್ನು ಹುಡುಕಿ ಕರೆಸಿ. ಬೆಂಗಳೂರಿಗೆ ಬರಲು ಆಗುವುದಾದರೆ, ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಓಪನ್ ಡೇ ದಿನ ತನ್ನ ಲ್ಯಾಬುಗಳನ್ನು ಎಲ್ಲರಿಗೂ ತೆರೆದಿಡುತ್ತದೆ. ಅಲ್ಲಿಗೆ ಕರೆತನ್ನಿ.

ಎಲ್ಲೇ ಹೋಗಲಿ, "ಸಂಬಳ ಎಷ್ಟು?" ಅನ್ನುವ ಮುಂಚೆ ಮಕ್ಕಳು ಇನ್ನೊಂದು ಪ್ರಶ್ನೆ ಕೇಳಲಿ: "ನಿನ್ನೆ ಬೆಳಿಗ್ಗೆಯಿಂದ ಸಂಜೆ ತನಕ ಏನೇನು ಮಾಡಿದಿರಿ, ಸರ್?" ಉತ್ತರ ಮುಗಿಯುವ ತನಕ ಯಾರೂ ನಡುವೆ ಮಾತಾಡಬೇಡಿ.