ಗ್ಲುಟನ್ ಬೇಯಿಸಿದ್ರೆ ಹೋಗಲ್ಲ ಸ್ವಾಮಿ

ಸೀಲಿಯಾಕ್ ಕಾಯಿಲೆ (ಗ್ಲುಟನ್ ತಿಂದ್ರೆ ಕರುಳು ಹಾಳಾಗೋ ಕಾಯಿಲೆ) ಇರೋರು ಗೋಧಿ ಬೇಡ ಅಂದ್ರೆ ಸಾಕು, "ಚೂರು ತಿಂದ್ರೆ ಏನಾಗುತ್ತೆ, ಚೆನ್ನಾಗಿ ಬೇಯಿಸಿದ್ರೆ ಗ್ಲುಟನ್ ಸತ್ತೋಗುತ್ತೆ" ಅಂತ ಒಬ್ರಾದ್ರೂ ಹೇಳೇ ಹೇಳ್ತಾರೆ. ಸಾಯೋಕೆ ಅದೇನು ಬ್ಯಾಕ್ಟೀರಿಯಾನಾ? ಗೋಧಿ, ಬಾರ್ಲಿ, ರೈ ಒಳಗಿರೋ ಪ್ರೋಟೀನು ಅದು.

ಪ್ರೋಟೀನ್ ಅಂದ್ರೆ ಅಮೈನೋ ಆಮ್ಲಗಳ ಸರ, ಬೇಯಿಸಿದ ಮಾತ್ರಕ್ಕೆ ಆ ಸರ ಕಡಿದುಹೋಗಲ್ಲ. ಗ್ಲುಟನ್ ಸರದಲ್ಲಿ ಪ್ರೋಲಿನ್, ಗ್ಲುಟಮಿನ್ ಅನ್ನೋ ಮಣಿಗಳು ವಿಪರೀತ, ಪ್ರೋಲಿನ್ ತುಂಬಿರೋ ಕಡೆ ನಮ್ಮ ಕಿಣ್ವಗಳ ಕತ್ತರಿ ಆಡೋದೇ ಇಲ್ಲ. ಇದು ಎಲ್ಲರ ಹೊಟ್ಟೆಯಲ್ಲೂ ಹಾಗೇನೆ! 33 ಮಣಿಯ ಒಂದು ತುಂಡಂತೂ ಜೀರ್ಣಕ್ರಿಯೆಗೆ ಬಗ್ಗದೆ ಹಾಗೇ ಉಳಿಯುತ್ತೆ ಅಂತ 2002ರಲ್ಲಿ ಗೊತ್ತಾಯ್ತು. ಕರುಳಿನ ಗೋಡೆಯಲ್ಲಿರೋ ಟ್ರಾನ್ಸ್‌ಗ್ಲುಟಮಿನೇಸ್ ಅನ್ನೋ ಕಿಣ್ವ ಅದರ ಕೆಲವು ಗ್ಲುಟಮಿನ್‌ಗಳನ್ನ ಗ್ಲುಟಮಿಕ್ ಆಮ್ಲ ಮಾಡಿಬಿಡುತ್ತೆ, ಆಗ ಆ ತುಂಡು ಡಿಕ್ಯೂ2 ಅಥವಾ ಡಿಕ್ಯೂ8 ಜೀನ್ ಇರೋರ ರೋಗನಿರೋಧಕ ಜೀವಕೋಶಗಳ ಮೇಲೆ ಗಟ್ಟಿಯಾಗಿ ಕೂರುತ್ತೆ, ಅದನ್ನ ನೋಡಿ ದೇಹದ ಸೈನಿಕರಾದ ಟಿ-ಕೋಶಗಳು ಯುದ್ಧಕ್ಕೆ ಇಳೀತವೆ, ಆ ಗಲಾಟೆಯಲ್ಲಿ ಕರುಳಿನ ವಿಲ್ಲೈಗಳು (ಆಹಾರ ಹೀರೋ ಬೆರಳಿನಂಥ ಸಣ್ಣ ಚಾಚುಗಳು) ಸವೆದು ಚಪ್ಪಟೆ ಆಗ್ತವೆ, ಕಬ್ಬಿಣ ಕ್ಯಾಲ್ಸಿಯಂ ಹೀರೋಕೆ ಜಾಗನೇ ಇರಲ್ಲ. ಅದಕ್ಕೇ ಎಷ್ಟೋ ಜನಕ್ಕೆ ಹೊಟ್ಟೆನೋವೇ ಇಲ್ಲದೆ ಬರೀ ರಕ್ತಹೀನತೆಯಿಂದ ಕಾಯಿಲೆ ಪತ್ತೆಯಾಗೋದು. ಮತ್ತೆ ಆ "ಚೂರು" ವಿಷಯ: ದಿನಾ 50 ಮಿಲಿಗ್ರಾಂ ಗ್ಲುಟನ್ ಹೋದ್ರೂ ಕೆಲವು ತಿಂಗಳಲ್ಲಿ ಕರುಳಿಗೆ ಹಾನಿ ಆಗಬಹುದು, ಒಂದು ಸ್ಲೈಸ್ ಬ್ರೆಡ್‌ನಲ್ಲಿ ಇರೋದೇ ಹತ್ತಿರ ಹತ್ತಿರ 2 ಗ್ರಾಂ.

ಇತಿಹಾಸ ಇನ್ನೂ ಮಜಾ. 1888ರಲ್ಲಿ ಲಂಡನ್ನಿನ ಡಾಕ್ಟರ್ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಗೆ ಪಥ್ಯನೇ ಮದ್ದು ಅಂದ್ರು, ಆದ್ರೆ ಯಾವ ಪಥ್ಯ? 1924ರಲ್ಲಿ ಅಮೆರಿಕದ ಡಾಕ್ಟರ್ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಕೊಟ್ರು, ಮಕ್ಕಳು ಚೇತರಿಸ್ಕೊಂಡ್ವು. ಬ್ರೆಡ್ ನಿಂತಿದ್ದಕ್ಕೆ ಹುಷಾರಾದ್ವು, ಹೆಸರು ಬಂದಿದ್ದು ಬಾಳೆಹಣ್ಣಿಗೆ! ಗೋಧಿ ಮೇಲೆ ಮೊದಲೇ ಅನುಮಾನ ಇದ್ದ ಡಚ್ ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕೆ 1950ರ ತಮ್ಮ ಥೀಸಿಸ್‌ನಲ್ಲಿ ಗೋಧಿಯನ್ನೇ ಹಿಡಿದು ನಿಲ್ಲಿಸಿದ್ರು.

ಹಾಗಂತ ಊಟ ಪೂರ್ತಿ ಬದಲಾಯಿಸ್ಬೇಕಿಲ್ಲ, ಅಕ್ಕಿ, ಜೋಳ, ಬೇಳೆ, ಆಲೂಗೆಡ್ಡೆ, ಮೊಟ್ಟೆ, ಹಾಲು ಯಾವುದರಲ್ಲೂ ಗ್ಲುಟನ್ ಇಲ್ಲ. ತಲೆನೋವು ಇರೋದು ಬೆರಕೆಯಲ್ಲಿ: ಒಂದೇ ಟೋಸ್ಟರ್, ಒಂದೇ ಜರಡಿ, ಕರಿದ ಎಣ್ಣೆ, ಗೋಧಿ ಹಾಕಿ ಮಾಡೋ ಸೋಯಾ ಸಾಸ್, ಬಾರ್ಲಿ ಮಾಲ್ಟ್. ಓಟ್ಸ್ ಹೆಚ್ಚಿನವರಿಗೆ ಒಗ್ಗುತ್ತೆ, ಆದ್ರೆ ಗೋಧಿ ಬೆರೆತಿರಬಾರದು. ಗ್ಲುಟನ್ ಫ್ರೀ ಲೇಬಲ್‌ಗೆ ಅಂತಾರಾಷ್ಟ್ರೀಯ ಮಿತಿ ಕೆಜಿಗೆ 20 ಮಿಲಿಗ್ರಾಂ.

ಇನ್ನು ಫ್ಯಾಷನ್ನಿಗೆ ಗ್ಲುಟನ್ ಬಿಡೋರು ಬಿಡ್ಲಿ, ನನ್ನ ಜಗಳ ಇಲ್ಲ, ಆದ್ರೆ ಸೀಲಿಯಾಕ್ ಅನುಮಾನ ಇದ್ರೆ ಟೆಸ್ಟ್‌ಗೆ ಮುಂಚೆ ಮಾತ್ರ ಗೋಧಿ ನಿಲ್ಲಿಸ್ಬೇಡಿ, ನಿಲ್ಲಿಸಿದ್ರೆ ಟೆಸ್ಟ್ ಹುಡುಕೋ ಆ್ಯಂಟಿಬಾಡಿ ರಕ್ತದಲ್ಲಿ ಇಳಿದು ಕಾಯಿಲೆ ಇದ್ರೂ ರಿಪೋರ್ಟ್ ನಾರ್ಮಲ್ ಅಂತ ಬರಬಹುದು.