ಬರೀ ಜಾಹೀರಾತು ತಾನೇ?

ನಿವೃತ್ತ ಶಿಕ್ಷಕಿಯೊಬ್ಬರು ಕಳೆದ ತಿಂಗಳು ತಮ್ಮ ಫೋನನ್ನು ನನ್ನ ಮೇಜಿನ ಮೇಲಿಟ್ಟು, "ಲಾಕ್ ತೆಗೆದ ಕೂಡಲೇ ಜಾಹೀರಾತು ಬರುತ್ತೆ ಸರ್. ಬರೀ ಜಾಹೀರಾತು ತಾನೇ ಅಂತ ಆರು ತಿಂಗಳಿಂದ ಸುಮ್ಮನಿದ್ದೆ" ಎಂದರು. ಜಾಹೀರಾತು ತರುತ್ತಿದ್ದ ಆ್ಯಪ್ ಪರದೆಯ ಮೇಲೆಲ್ಲೂ ಕಾಣಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪೂರ್ತಿ ಪಟ್ಟಿ ತೆರೆದಾಗ ಹೆಸರೂ ಚಿತ್ರವೂ ಇಲ್ಲದ ಒಂದು ಖಾಲಿ ಸಾಲು ಸಿಕ್ಕಿತು. 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಎಂಬ ಎಚ್ಚರಿಕೆಗೆ ಹೆದರಿ, ಪ್ಲೇ ಸ್ಟೋರ್‌ನ ಹೊರಗಿನಿಂದ ಅವರು ಹಾಕಿಕೊಂಡಿದ್ದ ಕ್ಲೀನರ್ ಆ್ಯಪ್ ಅದು. ಎಸ್‌ಎಂಎಸ್ ಓದಲು, ಸಂಪರ್ಕ ಸಂಖ್ಯೆಗಳನ್ನು ನೋಡಲು, ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳಲು ಅದಕ್ಕೆ ಅನುಮತಿ ಇತ್ತು. ಅವರ ಪಿಂಚಣಿ ಖಾತೆಯ ಒಟಿಪಿ ಬರುತ್ತಿದ್ದುದೂ ಅದೇ ಫೋನಿಗೆ.

ಜಾಹೀರಾತು ತೋರಿಸುವುದು ಆಡ್‌ವೇರ್, ಗುಟ್ಟಾಗಿ ಮಾಹಿತಿ ಕದಿಯುವುದು ಸ್ಪೈವೇರ್ ಎಂಬ ವಿಂಗಡಣೆ ಪುಸ್ತಕದಲ್ಲಿ ಸರಿ. ಆದರೆ ಯಾರಿಗೆ ಯಾವ ಜಾಹೀರಾತು ತೋರಿಸಬೇಕೆಂದು ತಿಳಿಯಲು ಅವರು ಏನು ನೋಡುತ್ತಾರೆ, ಎಲ್ಲಿ ಓಡಾಡುತ್ತಾರೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ. ಅಷ್ಟು ತಿಳಿಯಲು ಪಡೆದ ಅಧಿಕಾರವೇ ಕಳ್ಳತನಕ್ಕೂ ಸಾಕಾಗುತ್ತದೆ.

ಇದನ್ನು ಸೂಪರ್‌ಫಿಶ್ ಪ್ರಕರಣದಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸಿಲ್ಲ. 2014ರಲ್ಲಿ ಲೆನೊವೊ ಕಂಪನಿಯ ಕೆಲವು ಲ್ಯಾಪ್‌ಟಾಪ್‌ಗಳು ಸೂಪರ್‌ಫಿಶ್‌ನ ಜಾಹೀರಾತು ತಂತ್ರಾಂಶವನ್ನು ಒಳಗಿಟ್ಟುಕೊಂಡೇ ಮಾರಾಟವಾದವು. ನಾವು ನೋಡುತ್ತಿರುವ ವಸ್ತುವನ್ನೇ ಹೋಲುವ ಬೇರೆ ವಸ್ತುಗಳನ್ನು ತೋರಿಸುವುದಷ್ಟೇ ಅದರ ಕೆಲಸ. ಆದರೆ ಬೀಗದ ಗುರುತಿರುವ ಸುರಕ್ಷಿತ ತಾಣಗಳಲ್ಲೂ ಜಾಹೀರಾತು ತೂರಿಸಬೇಕೆಂಬ ಆಸೆಗೆ ಅದು ಬಳಕೆದಾರರಿಗೂ ತಾಣಕ್ಕೂ ನಡುವೆ ನಿಂತು, ತಾಣ ಅಸಲಿಯೇ ಎಂದು ಗುರುತಿಸಲು ವಿಂಡೋಸ್ ನಂಬುವ ಪ್ರಮಾಣಪತ್ರಗಳ ಸಾಲಿಗೆ ತನ್ನದನ್ನೂ ಸೇರಿಸಿಬಿಟ್ಟಿತು. ಆ ಪ್ರಮಾಣಪತ್ರದ ಹೆಸರಿನಲ್ಲಿ ಸಹಿ ಹಾಕುವ ಗುಪ್ತ ಕೀಲಿ ಆ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಒಂದೇ. ಆ ಕೀಲಿಯ ಪಾಸ್‌ವರ್ಡನ್ನು 2015ರ ಫೆಬ್ರವರಿಯಲ್ಲಿ ಭದ್ರತಾ ತಜ್ಞ ರಾಬರ್ಟ್ ಗ್ರಹಾಂ ಕೆಲವೇ ಗಂಟೆಗಳಲ್ಲಿ ಹೊರತೆಗೆದರು. ಅಂದರೆ ಅದೇ ವೈಫೈನಲ್ಲಿ ಕುಳಿತ ಅಪರಿಚಿತನೊಬ್ಬ ಬ್ಯಾಂಕಿನ ನಕಲಿ ತಾಣ ತೋರಿಸಿದರೂ ಬೀಗದ ಗುರುತು ಎಂದಿನಂತೆಯೇ ಕಾಣುತ್ತಿತ್ತು. ತಂತ್ರಾಂಶವನ್ನು ಅಳಿಸಿದ ಮೇಲೂ ಪ್ರಮಾಣಪತ್ರ ಒಳಗೇ ಉಳಿಯುತ್ತಿತ್ತು. ಕದಿಯುವ ಉದ್ದೇಶ ಯಾರಿಗೂ ಇರಲಿಲ್ಲವೆಂದೇ ಇಟ್ಟುಕೊಂಡರೂ, ಗ್ರಾಹಕರ ಮನೆಬಾಗಿಲನ್ನು ತೆರೆದಿಟ್ಟ ಹೊಣೆ ತಪ್ಪುವುದಿಲ್ಲ.

ಫೋನಿನಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವುದು ಆಕ್ಸೆಸಿಬಿಲಿಟಿ ಅನುಮತಿ. ದೃಷ್ಟಿ ಇಲ್ಲದವರಿಗೆ ಪರದೆಯನ್ನು ಓದಿ ಹೇಳಲೆಂದು ರೂಪಿಸಿದ ಈ ಸೌಲಭ್ಯ ದುಷ್ಟ ಆ್ಯಪ್‌ನ ಕೈಗೆ ಸಿಕ್ಕರೆ, ಅದು ಪರದೆಯ ಮೇಲಿನ ಅಕ್ಷರಗಳನ್ನು ಓದುವುದಲ್ಲದೆ ನಮ್ಮ ಪರವಾಗಿ ಗುಂಡಿಗಳನ್ನೂ ಒತ್ತಬಲ್ಲದು. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆಯ ಹೆಸರಿನಲ್ಲಿ ಬರುವ ಎಪಿಕೆ ಕಡತಗಳು, ಅಂದರೆ ಆ್ಯಪ್ ಇನ್‌ಸ್ಟಾಲ್ ಮಾಡುವ ಕಡತಗಳು, ಇಂಥ ಅನುಮತಿಗಳಿಗಾಗಿಯೇ ಪೀಡಿಸುತ್ತವೆ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಅದನ್ನು ನೋಡಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಮನೆಯವರೇ ಬೇಹುಗಾರಿಕೆಯ ಆ್ಯಪ್ ಹಾಕಿದ್ದಾರೆಂಬ ಅನುಮಾನವಿದ್ದರೆ ಮಾತ್ರ ಅವಸರದಲ್ಲಿ ಅಳಿಸಬಾರದು. ಅಳಿಸಿದ್ದು ಹಾಕಿದವರಿಗೆ ಗೊತ್ತಾಗಬಹುದು, ಸಾಕ್ಷ್ಯವೂ ಹೋಗುತ್ತದೆ. ಮೊದಲು ಬೇರೊಂದು ಫೋನಿನಿಂದ ನಂಬಿಕಸ್ತರ ನೆರವು ಕೇಳಬೇಕು.

ಶಿಕ್ಷಕಿಯವರ ಫೋನಿನಲ್ಲಿ ಅನ್‌ಇನ್‌ಸ್ಟಾಲ್ ಗುಂಡಿ ಮಸುಕಾಗಿತ್ತು, ಒತ್ತಿದರೂ ಕೆಲಸ ಮಾಡುತ್ತಿರಲಿಲ್ಲ. ಆ ಆ್ಯಪ್ ಡಿವೈಸ್ ಅಡ್ಮಿನ್ ಪಟ್ಟಿಗೂ, ಅಂದರೆ ಫೋನನ್ನು ನಿಯಂತ್ರಿಸುವ ವಿಶೇಷ ಅಧಿಕಾರವಿರುವ ಆ್ಯಪ್‌ಗಳ ಪಟ್ಟಿಗೂ, ಸೇರಿಕೊಂಡಿತ್ತು. ಅಲ್ಲಿಂದ ಅದನ್ನು ತೆಗೆದ ನಂತರವೇ ಅಳಿಸಲು ಸಾಧ್ಯವಾಯಿತು. ಪಾಸ್‌ವರ್ಡ್‌ಗಳನ್ನು ಅವರ ಮಗಳ ಫೋನಿನಿಂದ ಬದಲಿಸಿದೆವು, ಆಮೇಲೆ ಆರು ತಿಂಗಳ ಪಾಸ್‌ಬುಕ್ಕನ್ನು ಸಾಲು ಸಾಲಾಗಿ ನೋಡಿದೆವು. ಹಣ ಹೋಗಿರಲಿಲ್ಲ. ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಕರೆ ಮಾಡಬೇಕಿತ್ತು. ಆದರೆ ಆ ಆರು ತಿಂಗಳಲ್ಲಿ ಅವರ ಎಷ್ಟು ಎಸ್‌ಎಂಎಸ್‌ಗಳು, ಎಷ್ಟು ಬಂಧುಗಳ ನಂಬರ್‌ಗಳು ಎಲ್ಲಿಗೆ ಹೋದವು ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.